ವಾರೆ ಸೇತುವೆಯ ಸಾಕ್ಷಿ

"ಇದು ಹರಿದಿಲ್ಲ ಮೇಡಂ. ಯಾರೋ ಬಿಚ್ಯಾರೆ."

ಹೆಡ್ ಕಾನ್‌ಸ್ಟೇಬಲ್ ಚಿಕ್ಕತಿಮ್ಮಪ್ಪ ಜಾಲಿಪೊದೆಯೊಳಗಿಂದ ಎಳೆದು ತೆಗೆದ ನೈಲಾನ್ ಹಗ್ಗದ ತುದಿಯನ್ನು ಅಂಗೈ ಮೇಲೆ ಹಾಕಿಕೊಂಡು ತೋರಿಸಿದ. ಅವನ ಮುಂಗೈಯಲ್ಲಿ ಎರಡು ಕಡೆ ಮುಳ್ಳು ಗೀರಿ ರಕ್ತ ಒಸರುತ್ತಿತ್ತು. ಅದರ ಕಡೆ ಅವನಿಗೆ ಗಮನವೇ ಇರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಜಯಶೀಲಾ ಬಗ್ಗಿ ನೋಡಿದಳು. ಎಳೆಗಳು ಕಿತ್ತಿರಲಿಲ್ಲ. ಕತ್ತಿಯ ಗುರುತಿರಲಿಲ್ಲ. ತುದಿಯಿಂದ ಒಂದು ಮೊಳದಾಚೆ ಹಗ್ಗ ಸುರುಳಿ ಸುರುಳಿಯಾಗಿ ಸೆಟೆದುಕೊಂಡಿತ್ತು. ಬಿಗಿಯಾದ ಗಂಟೊಂದು ಬಹಳ ಹೊತ್ತು ಅಲ್ಲಿ ಕೂತಿತ್ತು ಅನ್ನುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

"ಮಹಜರಿನ ದಿನ ಇದು ಯಾರ ಕಣ್ಣಿಗೂ ಬೀಳಲಿಲ್ವಾ ತಿಮ್ಮಪ್ಪಾರೆ?"

"ಯಾರೂ ಪೊದೆಗೆ ಕೈ ಹಾಕ್ಲಿಲ್ಲ ಮೇಡಂ. ನೀವು ಬಂದೋಬಸ್ತಿಗೆ ಹೋಗಿದ್ರಿ. ಸಾಕ್ಷಿನೂ ಸಿಕ್ತು, ಆಕಸ್ಮಿಕ ಅಂತ ಬರೆದ್ರು."

ಜಯಶೀಲಾ ತಲೆಯೆತ್ತಿದಳು. ಮೂವತ್ತಡಿ ಮೇಲೆ ಸೇತುವೆಯ ತಡೆಗೋಡೆ. ನಾಲ್ಕು ದಿನದ ಹಿಂದೆ, ಮಟಮಟ ಮಧ್ಯಾಹ್ನ, ಕಲ್ಲುಕುಟಿಗ ಮುರುಗಪ್ಪ ಅಲ್ಲಿಂದ ಎರಡು ಹಗ್ಗಕ್ಕೆ ಹಲಗೆ ಕಟ್ಟಿ ಇಳಿಬಿಟ್ಟುಕೊಂಡು, ಅದರ ಮೇಲೆ ಕೂತು, ಕಮಾನಿನ ಕಲ್ಲುಗಳನ್ನು ತಟ್ಟಿ ನೋಡುತ್ತಿದ್ದವನು ಬಿದ್ದು ಸತ್ತಿದ್ದ. ಒಂದು ಹಗ್ಗ ಮೇಲೆ ಕಲ್ಲುಗೂಟಕ್ಕೆ ಕಟ್ಟಿದಂತೆಯೇ ಇತ್ತು. ಇನ್ನೊಂದು, ಹೊಸದುರ್ಗದ ದಿಕ್ಕಿನದು, ಈಗ ಚಿಕ್ಕತಿಮ್ಮಪ್ಪನ ಕೈಯಲ್ಲಿತ್ತು.

ಊರವರ ಬಾಯಲ್ಲಿ ಇದು ವಾರೆ ಸೇತುವೆ. ಬಾಗೂರಿನಾಚೆಗೆ ಹೋಗುವ ಈ ಹಳೆಯ ರಸ್ತೆ ಹಳ್ಳವನ್ನು ನೆಟ್ಟಗೆ ದಾಟುವುದಿಲ್ಲ. ಕತ್ತರಿಯ ಒಂದು ಅಲಗು ಇನ್ನೊಂದನ್ನು ಹಾಯುವ ಹಾಗೆ ಓರೆಯಾಗಿ ದಾಟುತ್ತದೆ. ನೂರು ವರ್ಷಕ್ಕೂ ಹಿಂದೆ ಇದನ್ನು ಕಟ್ಟಿದವರು ರಸ್ತೆಯನ್ನು ತಿರುಗಿಸಲಿಲ್ಲ, ಹಳ್ಳವನ್ನೂ ತಿರುಗಿಸಲಿಲ್ಲ. ಕಲ್ಲುಗಳನ್ನೇ ತಿರುಗಿಸಿದ್ದರು.

ಕಮಾನಿನೊಳಕ್ಕೆ ಎರಡು ಹೆಜ್ಜೆ ಇಟ್ಟ ಮೇಲೆ ಅದು ಅವಳಿಗೆ ಅರ್ಥವಾಯಿತು. ಬೇರೆ ಸೇತುವೆಗಳ ಕಮಾನಿನಲ್ಲಿ ಕಲ್ಲಿನ ಸಾಲುಗಳು ಗೋಡೆಯ ಉದ್ದಕ್ಕೂ ನೇರವಾಗಿ ಓಡುತ್ತವೆ. ಇಲ್ಲಿ ಒಂದೊಂದು ಸಾಲೂ ಓರೆಯಾಗಿ ಮೇಲೆ ಹತ್ತಿ, ನೆತ್ತಿ ದಾಟಿ, ಓರೆಯಾಗಿಯೇ ಆ ಬದಿಗೆ ಇಳಿದಿತ್ತು. ಇಡೀ ಕಮಾನನ್ನು ಯಾರೋ ಹೊಸೆದು ಇಟ್ಟ ಹಾಗಿತ್ತು. ನೋಡುತ್ತ ನಿಂತರೆ ಕಾಲಡಿಯ ನೆಲವೇ ಒಂದು ಕಡೆಗೆ ಜಾರಿದಂತಾಗುತ್ತಿತ್ತು.

ಒಂದು ಮೂಲೆಯಲ್ಲಿ ಮಾತ್ರ ಹನ್ನೊಂದು ಹೊಸ ಕಲ್ಲುಗಳು ನೆಟ್ಟಗೆ ಕೂತಿದ್ದವು. ಪ್ರತಿಯೊಂದರ ಮೇಲೂ ಸುಣ್ಣದಲ್ಲಿ ಬರೆದ ದೊಡ್ಡ ಕತ್ತರಿ ಗುರುತು.

"ಅಪ್ಪ ಹಾಕಿದ ಗುರುತು ಅದು."

ಜಯಶೀಲಾ ತಿರುಗಿದಳು. ಮುರುಗಪ್ಪನ ಮಗಳು ಮೇಘಶ್ರೀ ಹಳ್ಳದ ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಇಪ್ಪತ್ನಾಲ್ಕು ಇಪ್ಪತ್ತೈದರ ಹುಡುಗಿ. ದಾವಣಗೆರೆಯಲ್ಲಿ ಓದುತ್ತಿದ್ದಳು. ಅಪ್ಪ ಬಿದ್ದ ದಿನ ತಾನು ದಾವಣಗೆರೆಯಲ್ಲೇ ಇದ್ದೆ, ಸಂಜೆ ಫೋನ್ ಬಂದ ಮೇಲೆ ಹೊರಟು ಬಂದೆ ಎಂದು ದೂರಿನಲ್ಲಿ ಬರೆದುಕೊಟ್ಟಿದ್ದಳು. ಮುಚ್ಚಿದ್ದ ಕಡತವನ್ನು ಮತ್ತೆ ತೆರೆಸಿದ್ದು ಅವಳ ಆ ದೂರೇ. ಇದು ಆಕಸ್ಮಿಕ ಅಲ್ಲ, ಸೇತುವೆ ದುರಸ್ತಿಯ ಗುತ್ತಿಗೆದಾರ ಕನಕರಾಜ್ ಮಾಡಿಸಿದ್ದು ಎಂದು ಹೆಸರು ಹಿಡಿದೇ ಬರೆದಿದ್ದಳು.

"ಕತ್ತರಿ ಗುರುತು ಅಂದ್ರೆ?"

"ಕೀಳಬೇಕು ಅಂತ. ಇವನ್ನ ಕನಕರಾಜ್ ಕಡೆಯೋರು ಕೂರಿಸಿದ್ದು. ವಾರೆ ಕಮಾನಿನಲ್ಲಿ ಭಾರ ಓರೆಯಾಗಿ ಇಳಿಯುತ್ತೆ ಮೇಡಂ. ಅಲ್ಲಿ ನೇರ ಕಲ್ಲು ಇಟ್ಟರೆ ಅದು ಭಾರ ಹೊರೋದಿಲ್ಲ, ಪಕ್ಕದ ಕಲ್ಲನ್ನ ದಬ್ಬುತ್ತೆ. ಒಂದು ಲೋಡ್ ಲಾರಿ ಸಾಕು." ಅವಳು ಕೈಯಲ್ಲಿ ಗಾಳಿಯಲ್ಲೊಂದು ಓರೆಗೆರೆ ಎಳೆದಳು. "ಅಪ್ಪ ಇಲಾಖೆಗೆ ಬರೀತೀನಿ ಅಂದಿದ್ದರು. ಬರೆಯೋಕೆ ಮುಂಚೆ ಬಿದ್ದರು."

ಆ ಹುಡುಗಿಯ ಕಣ್ಣು ಒಣಗಿದ್ದವು. ನಾಲ್ಕು ದಿನದಲ್ಲಿ ಅತ್ತು ಮುಗಿಸಿರಬಹುದು, ಅಥವಾ ಇನ್ನೂ ಶುರುವೇ ಮಾಡಿಲ್ಲದಿರಬಹುದು ಎಂದುಕೊಂಡಳು ಜಯಶೀಲಾ.

ಮೇಲೆ ಗಾಡಿಯೊಂದು ನಿಂತ ಸದ್ದಾಯಿತು. ಬಾಗಿಲು ದಢಾರನೆ ಬಿತ್ತು. ತಡೆಗೋಡೆಯ ಮೇಲಿಂದ ಒಂದು ಮುಖ ಇಣುಕಿತು.

"ನಮಸ್ಕಾರ ಮೇಡಂ. ಬರ್ತೀರಂತ ಹೇಳಿದ್ರೆ ನಾನೇ ಹೊಳಲ್ಕೆರೆಯಿಂದ ಬೆಳಿಗ್ಗೆನೇ ಬಂದು ಕಾಯ್ತಿದ್ದೆ."

ಕನಕರಾಜ್. ಮಡಿಕೆ ಮುರಿಯದ ಬಿಳಿ ಅಂಗಿ, ಹಣೆಯ ಮೇಲೆ ತಂಪು ಕನ್ನಡಕ. ಅವನ ಬಿಳಿ ಬೊಲೆರೊ ಪೊಲೀಸ್ ಜೀಪಿನ ಹಿಂದೆಯೇ ನಿಂತಿತ್ತು.

ಜಯಶೀಲಾ ದಂಡೆ ಹತ್ತಿ ಮೇಲೆ ಬಂದಳು. ಮೇಘಶ್ರೀ ಅವಳ ಬೆನ್ನಿಗೇ ಬಂದಳು. ಬಂದವಳೇ ಕನಕರಾಜನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಇಲ್ಲಿಗೆ ಬರೋಕೆ ನಿಮಗೆ ನಾಚಿಕೆ ಆಗಲ್ವಾ?"

"ಏನಮ್ಮಾ, ಹಿಂಗಂದ್ರೆ ಹೆಂಗೆ? ನಿಮ್ಮಪ್ಪ ಅಂದ್ರೆ ನಂಗೂ ಗುರು ಇದ್ದಂಗೆ. ಮಣ್ಣಿಗೂ ಬಂದಿದ್ದೆ ನಾನು."

"ಮಣ್ಣು ಹಾಕೋಕೆ ಬಂದಿದ್ರಿ!"

"ಮೇಡಂ, ನೋಡ್ರಿ ಇವರ ಮಾತು. ಹೋದ ಜೀವಕ್ಕೆ ನಂಗೂ ನೋವೈತೆ. ಆ ದಿನ ನಾನು ಚಿತ್ರದುರ್ಗದಾಗೆ ಇದ್ದೆ, ಹತ್ತು ಮಂದಿ ನೋಡ್ಯಾರೆ. ಹಗ್ಗ ಕಟ್ಟಿದ್ದು ಮುರುಗಪ್ಪಾರೇ. ಅವರು ನಮ್ಮ ಕೆಲಸದೋರ ಕೈಲಿ ಒಂದು ಗಂಟೂ ಹಾಕಿಸ್ತಿರಲಿಲ್ಲ, ನಂಬಿಕೆ ಇರ್ಲಿಲ್ಲ ಅವರಿಗೆ."

ಈ ಕೊನೆಯ ಮಾತಿಗೆ ಮೇಘಶ್ರೀ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಜಯಶೀಲಾ ಅದನ್ನು ಗಮನಿಸಿದಳು. ಕಲ್ಲುಗೂಟದ ಹತ್ತಿರ ಕೂತು ಅದರ ಸುತ್ತ ಬೆರಳಾಡಿಸಿದಳು. ಎರಡನೆಯ ಹಗ್ಗ ಕಟ್ಟಿದ್ದ ಕಡೆ ಕಲ್ಲಿನ ಪಾಚಿ ಉಜ್ಜಿಹೋಗಿತ್ತು. ಅರವತ್ತೆರಡರ ವಯಸ್ಸಿನವರೆಗೂ ಹಗ್ಗದ ಮೇಲೆ ಜೀವ ತೂಗಿಬಿಟ್ಟವನು ಕಟ್ಟಿದ ಗಂಟು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಅದನ್ನು ಬಿಚ್ಚಬೇಕಾದರೆ ಇಲ್ಲೇ, ಈ ರಸ್ತೆಯ ಮೇಲೆ, ಕೂತು ಬಿಚ್ಚಬೇಕು. ಹಾಗೆ ಕೂತವರು ಯಾರಿಗೂ ಕಾಣಲಿಲ್ಲವೆ?

ಒಬ್ಬ ಸಾಕ್ಷಿ ಮಾತ್ರ ಇದ್ದ. ಅವನು ಹೇಳಿದ್ದು: ಸುತ್ತ ಯಾರೂ ಇರಲಿಲ್ಲ.

"ತಿಮ್ಮಪ್ಪಾರೆ, ಆ ಕರಿಸಿದ್ದಪ್ಪನ್ನ ಬರಹೇಳಿದ್ರಾ?"

"ಸೇತುವೆ ಆ ಬದಿ ಬಂಡೆ ಹತ್ರ ಕುಂತೈತೆ ಮೇಡಂ ಮುದುಕ. ಆಗ್ಲೇ ಅರ್ಧ ಗಂಟೆ ಆತು."

"ಹೋಗಾಣ ನಡೀರಿ. ನೀವಿಬ್ಬರೂ ಇಲ್ಲೇ ಇರಿ." ಮಾತಿನ ಕೊನೆಯ ಭಾಗ ಕನಕರಾಜ್ ಮತ್ತು ಮೇಘಶ್ರೀಗೆ. ಇಬ್ಬರೂ ಸೇತುವೆಯ ಆ ತುದಿಗೊಬ್ಬರು ಈ ತುದಿಗೊಬ್ಬರು ಹೋಗಿ, ಬೆನ್ನು ತಿರುಗಿಸಿ ನಿಂತರು.

*

ಕುರಿ ಕಾಯುವ ಕರಿಸಿದ್ದಪ್ಪನಿಗೆ ಎಪ್ಪತ್ತು ದಾಟಿತ್ತು. ತಲೆಗೆ ಸುತ್ತಿದ ವಸ್ತ್ರ, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು. ಸುತ್ತಲಿನ ಹಟ್ಟಿಗಳಲ್ಲಿ ಅವನ ಮಾತಿಗೆ ತೂಕವಿತ್ತು. ಮುರುಗಪ್ಪ ಸತ್ತ ಮರುದಿನ ಬೆಳಗ್ಗೆ ಯಾರೂ ಕರೆಯದೆಯೇ ನಡೆದುಕೊಂಡು ಸ್ಟೇಷನ್ನಿಗೆ ಬಂದು ಹೇಳಿಕೆ ಕೊಟ್ಟುಹೋಗಿದ್ದ.

ಕರೆಯದೆ ಬಂದ ಸಾಕ್ಷಿ. ಜಯಶೀಲಾಳನ್ನು ಮೊದಲಿನಿಂದಲೂ ಕೊರೆಯುತ್ತಿದ್ದದ್ದು ಅದೇ. ಅವಳು ಹರಿಯಬ್ಬೆಯ ಕಡೆಯವಳು, ಕುರಿಗಾರರ ನಡುವೆ ಬೆಳೆದವಳು. ಅವರು ಸ್ಟೇಷನ್ನಿನ ನೆರಳು ಕಂಡರೆ ದಾರಿ ಬದಲಾಯಿಸುತ್ತಾರೆಯೇ ಹೊರತು, ಕುರಿ ಬಿಟ್ಟು ತಾವಾಗಿ ಬಂದು ಬೆಂಚಿನ ಮೇಲೆ ಕೂರುವುದಿಲ್ಲ.

"ಎದ್ದೇಳ್ಬೇಡಿ ಅಜ್ಜಾರೆ. ಕುಂತ್ಕಳ್ರಿ."

"ಇರ್ಲಿ ಮೇಡಮ್ಮಾರೆ." ಮುದುಕ ಎದ್ದೇ ನಿಂತ.

"ಅವತ್ತು ಎಲ್ಲಿ ನಿಂತಿದ್ರಿ?"

"ಇಲ್ಲೇ. ಈ ಬಂಡೆ ಮ್ಯಾಲೆ. ಕುರಿ ಕೆಳಗಡೆ ಮೇಯ್ತಿದ್ವು."

"ಏನೇನು ಕಂಡ್ರಿ, ಇನ್ನೊಂದ್ಸಲ ಹೇಳ್ರಿ."

ಹೇಳಿಕೆಯಲ್ಲಿದ್ದದ್ದನ್ನೇ ಮುದುಕ ಒಪ್ಪಿಸಿದ. "ಕಮಾನಿನ ಒಳಗಿಂದ ಆ ಕಡೆ ಕಾಣ್ತಿತ್ತು. ಮುರುಗಪ್ಪಾರು ಹಲಗೆ ಮ್ಯಾಲೆ ಕುಂತಿದ್ರು, ಕಾಲು ಜೋತಾಡ್ತಿದ್ವು. ಹಲಗೆ ಹೊಸದುರ್ಗದ ಕಡೀಕೆ ವಾಲ್ತು. ಮೊದ್ಲು ಒಂದು ಕಾಲು ಜಾರ್ತು, ಆಮ್ಯಾಕೆ ಆಳೇ ಬಿದ್ದ. ಸುತ್ತ ಯಾರೂ ಇರ್ಲಿಲ್ಲ."

"ಒಂದು ನರಪಿಳ್ಳೆನೂ?"

"ಇಲ್ರಿ."

ಜಯಶೀಲಾ ಬೂಟುಗಾಲಲ್ಲೇ ಬಂಡೆ ಹತ್ತಿ, ಅವನು ತೋರಿಸಿದ ಜಾಗದಲ್ಲಿ ನಿಂತು ಸೇತುವೆಯ ಕಡೆ ನೋಡಿದಳು.

ಸೇತುವೆ ಸರಿಯಾಗಿ ಎದುರಿಗಿತ್ತು. ತಡೆಗೋಡೆ ಉದ್ದಕ್ಕೆ ಕಾಣುತ್ತಿತ್ತು. ಅದರ ಮೇಲೆ ಕನಕರಾಜನ ಬಿಳಿ ಅಂಗಿ. ಕೆಳಗೆ ಕಮಾನಿನ ಬಾಯಿ ಅಗಲವಾಗಿ ತೆರೆದುಕೊಂಡಿತ್ತು. ಆದರೆ ಆ ಬಾಯಿಯೊಳಗೆ ಆಚೆಯ ಬೆಳಕಿರಲಿಲ್ಲ. ಹೊಸೆದ ಕಲ್ಲಿನ ಗೋಡೆಯೊಂದೇ ಕಾಣುತ್ತಿತ್ತು.

ಅವಳು ಎಡಕ್ಕೆ ನಾಲ್ಕು ಹೆಜ್ಜೆ ಸರಿದಳು. ಗೋಡೆ. ಬಂಡೆಯ ಈ ತುದಿಯಿಂದ ಆ ತುದಿಗೆ ನಡೆದಳು. ಗೋಡೆಯೇ.

"ಅಜ್ಜಾರೆ, ಮ್ಯಾಲೆ ಬರ್ರಿ."

ಮುದುಕ ಕೋಲೂರಿ ಹತ್ತಿದ.

"ಕಮಾನಿನ ಆ ಕಡೆ ಏನು ಕಾಣ್ತೈತೆ, ಹೇಳ್ರಿ."

ಕರಿಸಿದ್ದಪ್ಪ ಕಣ್ಣು ಕಿರಿದು ಮಾಡಿ ನೋಡಿದ.

"ವಯಸ್ಸಾತು ಮೇಡಮ್ಮಾರೆ, ಕಣ್ಣು ಮಂಜು."

"ನನ್ನ ಕಣ್ಣು ಚೆನ್ನಾಗೈತೆ. ನನಗೂ ಕಾಣಲ್ಲ. ನೆಟ್ಟಗೆ ಕಟ್ಟಿದ ಸೇತುವೆ ಆಗಿದ್ರೆ ಇಲ್ಲಿ ನಿಂತೋರಿಗೆ ಆ ಕಡೆ ಕಾಣ್ತಿತ್ತು. ಇದು ವಾರೆ. ಎದುರಿಗೆ ನಿಂತ್ರೆ ಒಳಗಿನ ಗೋಡೆ ಬಿಟ್ಟು ಬೇರೇನೂ ಕಾಣಲ್ಲ. ಮುರುಗಪ್ಪಾರು ಬಿದ್ದದ್ದು ಆ ಕಡೆ ಬಾಯಲ್ಲಿ."

ಮುದುಕ ಹೆಗಲ ಕಂಬಳಿ ಸರಿಮಾಡಿಕೊಂಡ.

"ಹಂಗಂತ ನೀವು ಹೇಳಿದ್ದೆಲ್ಲ ಸುಳ್ಳೂ ಅಲ್ಲ. ಹಲಗೆ ಹೊಸದುರ್ಗದ ಕಡೆಗೇ ವಾಲಿರೋದು, ಆ ಕಡೆ ಹಗ್ಗ ಈಗ ಸಿಕ್ಕೈತೆ. ಇದನ್ನ ಯಾರೋ ಕಣ್ಣಾರೆ ನೋಡ್ಯಾರೆ. ಆದ್ರೆ ಇಲ್ಲಿಂದ ಅಲ್ಲ."

ಅವಳು ಬಂಡೆಯಿಂದ ಇಳಿದು ಹಳ್ಳದ ದಂಡೆ ಹಿಡಿದು ನಡೆಯತೊಡಗಿದಳು. ಕಣ್ಣು ಕಮಾನಿನ ಮೇಲೆಯೇ ಇತ್ತು. ಹತ್ತು ಹೆಜ್ಜೆಗೆ ಗೋಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಮೂಡಿತು. ಇಪ್ಪತ್ತು ಹೆಜ್ಜೆಗೆ ಅದು ಕುಡುಗೋಲಿನ ಹಾಗೆ ಬಾಗಿತು. ಅವಳು ನಡೆದಂತೆಲ್ಲ ಕಮಾನು ಬಾಗಿಲು ತೆರೆದ ಹಾಗೆ ತೆರೆದುಕೊಳ್ಳುತ್ತ ಹೋಯಿತು.

ಹಿಂದಿನಿಂದ ಕೋಲಿನ ಸದ್ದು ಜೋರಾಯಿತು. ಮುದುಕ ಓಡೋಡಿ ಬರುತ್ತಿದ್ದ.

"ಆ ಕಡೆ ಹೋಗ್ಬ್ಯಾಡ್ರಿ ಮೇಡಮ್ಮಾರೆ! ಹಾವು ಅವೆ ಅಲ್ಲಿ. ಕೊಳಕುಮಂಡಲ ಅವೆ."

ಜಯಶೀಲಾ ನಿಂತು ಎದುರಿಗೆ ನೋಡಿದಳು. ಹಳ್ಳ ತಿರುಗುವಲ್ಲಿ ಏಳೆಂಟು ತೆಂಗಿನ ಮರ, ಅವುಗಳ ನಡುವೆ ಸಿಮೆಂಟ್ ಇಟ್ಟಿಗೆಯ ಪಂಪ್‌ಸೆಟ್ ಮನೆ. ಅದರ ಬಾಗಿಲು ಕಮಾನಿನ ಕಡೆಗೇ ಮುಖ ಮಾಡಿತ್ತು.

"ಅದು ಯಾರದು?"

"ನಮ್ದೇ." ಮುದುಕನ ಧ್ವನಿ ಇಳಿಯಿತು. "ಅಲ್ಲೇನೂ ಇಲ್ಲ. ಮೋಟ್ರು ಅಷ್ಟೆ."

"ಹಾವು ಇರೋ ಕಡೆ ಸೀರೆ ಯಾಕೆ ಒಣಗಾಕೀರಿ ಅಜ್ಜಾರೆ?"

ಪಂಪ್‌ಸೆಟ್ ಮನೆಯ ಹಿಂಬದಿಗೆ ಎರಡು ತೆಂಗಿನ ನಡುವೆ ಕಟ್ಟಿದ ತಂತಿಯ ಮೇಲೆ ಹಸಿರು ಸೀರೆಯೊಂದು ಗಾಳಿಗೆ ಹಾರಾಡುತ್ತಿತ್ತು.

ಕರಿಸಿದ್ದಪ್ಪ ಅಡ್ಡ ಬಂದು ನಿಂತುಬಿಟ್ಟ. ಕೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೊಡೆಯಲು ಅಲ್ಲ, ದಾರಿ ತಡೆಯಲು. ಆದರೂ ಚಿಕ್ಕತಿಮ್ಮಪ್ಪ ಮುಂದೆ ಬಂದ.

"ಲೇ ಯಜಮಾನ, ಏನಿದು? ಸರಿ ಪಕ್ಕಕ್ಕೆ."

"ಈ ಗಂಡಸರನ್ನ ಕಳಿಸ್ರಿ ತಾಯಿ," ಎಂದ ಮುದುಕ ಜಯಶೀಲಾಳ ಕಡೆ ಮಾತ್ರ ನೋಡುತ್ತ. ಅಲ್ಲಿವರೆಗೆ ಮೇಡಮ್ಮಾರೆ ಅಂದವನು ಈಗ ತಾಯಿ ಅಂದಿದ್ದ. "ನಿಮ್ಮ ಕಾಲಿಗೆ ಬೀಳ್ತೀನಿ."

ಜಯಶೀಲಾಳಿಗೆ ಆ ಕ್ಷಣದಲ್ಲೇ ಗೊತ್ತಾಗಿಹೋಯಿತು. ಗೊತ್ತಾದ ಕೂಡಲೆ ಅವಳ ಮುಖ ಬಿಸಿಯಾಯಿತು. ಹನ್ನೆರಡು ವರ್ಷದವಳಿದ್ದಾಗ ಅಜ್ಜಿಯ ಊರಿನಲ್ಲಿ ಅವಳೂ ಮೂರು ದಿನ ಹೀಗೇ ಕೂತಿದ್ದಳು, ಹಟ್ಟಿಯ ಬೇಲಿಯಾಚೆ, ಒಂದು ತಟ್ಟೆ ಒಂದು ಲೋಟ ಇಟ್ಟುಕೊಂಡು.

"ತಿಮ್ಮಪ್ಪಾರೆ, ನೀವು ಸೇತುವೆಗೆ ಹೋಗ್ರಿ. ಅವರಿಬ್ಬರ ಮೇಲೆ ಕಣ್ಣಿರಲಿ."

ಚಿಕ್ಕತಿಮ್ಮಪ್ಪ ಏನೂ ಕೇಳದೆ ಹೊರಟ.

ಅವನು ದೂರವಾದ ಮೇಲೆ ಅವಳು ಕೇಳಿದಳು. "ಯಾರು ಅಜ್ಜಾರೆ? ಮಗಳಾ?"

"ಸೊಸೆ." ಮುದುಕ ಅಲ್ಲೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತ. "ದೇವಿಕಾ ಅಂತ. ಮಂಗಳವಾರ ಹೊರಗಾದ್ಲು. ಇವತ್ತು ಐದ್ನೇ ದಿನ, ನೀರು ಹಾಕ್ಕಂಡು ಒಳೀಕೆ ಬರ್ಬೇಕು. ಹೋದ ವರ್ಷ ತಹಸೀಲ್ದಾರ್ ಸಾಹೇಬ್ರು ಹಟ್ಟಿಗೆ ಬಂದಿದ್ರು. ಇನ್ಮ್ಯಾಲೆ ಹೆಣ್ಮಕ್ಕಳನ್ನ ಹೊರಗಿಡಲ್ಲ ಅಂತ ಎಲ್ಲಾರ ಮುಂದೆ ನಾನೇ ಮಾತು ಕೊಟ್ಟಿದ್ದೆ. ಫೋಟೋ ಹೊಡೆದ್ರು, ಪೇಪರಿನಾಗೆ ಬಂತು."

"ಮಾತು ಕೊಟ್ಟು ಮುರಿದ್ರಿ."

"ಮುರಿದೆ. ಹಟ್ಟಿಯೋರು ಒಪ್ಲಿಲ್ಲ. ನಾನು ಬಾಯಿ ಮುಚ್ಕಂಡೆ." ಅವನು ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. "ಮುರುಗಪ್ಪಾರು ಸತ್ತ ರಾತ್ರಿನೇ ಸುದ್ದಿ ಬಂತು, ಪೊಲೀಸ್ರು ಸುತ್ತಮುತ್ತ ಎಲ್ಲಾ ಮನೆ ವಿಚಾರಿಸ್ತಾರೆ ಅಂತ. ಇಲ್ಲಿಗೆ ಬಂದು ಈ ಹುಡುಗೀನ ನೋಡಿದ್ರೆ? ಕೇಸು ಆಗ್ತೈತೆ, ಹಟ್ಟಿ ಮರ್ಯಾದೆ ಹೋಗ್ತೈತೆ. ಅದ್ಕೇ ನಾನೇ ಬಂದೆ. ನಾ ಕಂಡೆ ಅಂದ್ರೆ ನೀವು ಬ್ಯಾರೇರನ್ನ ಹುಡುಕಲ್ಲ ಅಂದ್ಕಂಡೆ."

"ಒಬ್ಬ ಮನುಷ್ಯನ ಸಾವು ಅಜ್ಜಾರೆ. ನಿಮ್ಮ ಮಾತಿನ ಮೇಲೆ ಕಡತ ಮುಚ್ಚಿದ್ರು."

"ಆಕಿ ಮೊದ್ಲಿಂದ ಅಂತಿದ್ಲು, ಮಾವ, ಹಿಂಗೆ ಹೇಳ್ಬ್ಯಾಡ ಅಂತ."

"ಹೆಂಗೆ ಹೇಳಬೇಡ ಅಂತ?"

ಉತ್ತರ ಬಂದದ್ದು ಬೇರೆ ಕಡೆಯಿಂದ.

"ಯಾರೂ ಇರ್ಲಿಲ್ಲ ಅಂತ."

*

ದೇವಿಕಾ ಪಂಪ್‌ಸೆಟ್ ಮನೆಯ ಗೋಡೆಗೆ ಆತು ನಿಂತಿದ್ದಳು. ಮೂವತ್ತರೊಳಗಿನ ಹೆಣ್ಣು. ಒದ್ದೆ ಕೂದಲು ಬೆನ್ನ ಮೇಲೆ ಹರಡಿತ್ತು. ಅವಳ ಹಿಂದೆ ತೆಂಗಿನಗರಿಯ ಚಪ್ಪರದಡಿ ಒಂದು ಚಾಪೆ, ಸ್ಟೀಲಿನ ತಟ್ಟೆ, ಮೋಟಾರಿನ ಸ್ವಿಚ್ ಬೋರ್ಡಿಗೆ ಚುಚ್ಚಿಟ್ಟ ಫೋನು.

"ಸುಮ್ಕಿರು ದೇವಿ," ಎಂದ ಮುದುಕ.

"ನಾಲ್ಕು ದಿನ ಸುಮ್ಕಿದ್ದೆ ಮಾವ. ನಿದ್ದೆ ಬರಲ್ಲ ನಂಗೆ." ಅವಳು ಜಯಶೀಲಾಳ ಕಡೆ ತಿರುಗಿದಳು. "ಹತ್ರ ಬರ್ಬ್ಯಾಡ್ರಿ ಅಕ್ಕಾ, ನಾನಿನ್ನೂ..."

ಜಯಶೀಲಾ ನಡೆದು ಹೋಗಿ ಅವಳ ಪಕ್ಕದಲ್ಲೇ, ಆ ಚಾಪೆಯ ಮೇಲೆಯೇ ಕೂತಳು. ದೇವಿಕಾ ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದೆ ನಿಂತು, ಆಮೇಲೆ ತಾನೂ ಮೆಲ್ಲಗೆ ಕುಳಿತಳು.

ಅಲ್ಲಿಂದ ಕಮಾನು ಪೂರ್ತಿ ತೆರೆದಿತ್ತು. ಗೋಡೆಗಳೆರಡೂ ಪಕ್ಕಕ್ಕೆ ಸರಿದು, ಆಚೆಯ ಮರಳು, ಜಾಲಿಪೊದೆ, ಮುರುಗಪ್ಪ ಬಿದ್ದ ಕಲ್ಲುಹಾಸು ಎಲ್ಲವೂ ಚೌಕಟ್ಟಿಗೆ ಹಾಕಿಟ್ಟಂತೆ ಕಾಣುತ್ತಿದ್ದವು. ನಡುವೆ ನೂರು ಹೆಜ್ಜೆಗಿಂತ ಹೆಚ್ಚಿರಲಿಲ್ಲ.

"ನಿಧಾನಕ್ಕೆ ಹೇಳು."

"ಅವರು ಬೆಳಿಗ್ಗೆಯಿಂದ ಅಲ್ಲೇ ಕೆಲಸ ಮಾಡ್ತಿದ್ರು. ನಂಗೆ ಹೊತ್ತು ಹೋಗಲ್ಲ, ನೋಡ್ಕಂತ ಕುಂತಿದ್ದೆ. ಟಕ್ ಟಕ್ ಅಂತ ಸದ್ದು ಬರೋದು. ಹನ್ನೆರಡೂವರೆಗೆ ಮೂರು ಫೇಸ್ ಕರೆಂಟು ಬಂತು, ಮೋಟ್ರು ಹಾಕಿ ಬಂದೆ. ಬಂದು ನೋಡ್ತೀನಿ, ಹಲಗೆ ವಾಲೈತೆ. ಒಂದು ಕಾಲು ಜಾರ್ತು. ಬಿದ್ಬಿಟ್ರು. ಅವರ ಹಿಂದೇನೇ ಹಗ್ಗ ಮೇಲಿಂದ ಬಿತ್ತು."

"ಹಗ್ಗ ಆಮೇಲೆ ಬಿತ್ತಾ? ಸರಿಯಾಗಿ ನೆನಪು ಮಾಡ್ಕೋ."

"ಆಮೇಲೇ. ಹಾವು ಬಿದ್ದಂಗೆ ಬಿತ್ತು."

"ಮೇಲೆ ಯಾರಿದ್ರು?"

"ಮೇಲ್ಗಡೆ ಇಲ್ಲಿಂದ ಕಾಣಲ್ಲ ಅಕ್ಕಾ, ತೆಂಗಿನ ಗರಿ ಅಡ್ಡ ಬರ್ತಾವೆ. ಆದ್ರೆ ಸ್ವಲ್ಪ ಹೊತ್ತಿಗೆ ಒಬ್ರು ದಂಡೆ ಇಳಿದು ಬಂದ್ರು. ಹೆಣ್ಣುಮಗಳು."

ಬರೆದುಕೊಳ್ಳುತ್ತಿದ್ದ ಜಯಶೀಲಾಳ ಪೆನ್ನು ನಿಂತಿತು.

"ನಾನು ಕೂಗ್ಬೇಕು ಅಂತಿದ್ದೆ. ಆಕೀನ ನೋಡಿ, ಸದ್ಯ ಯಾರೋ ಬಂದ್ರಲ್ಲ, ಊರಿಗೆ ಫೋನ್ ಮಾಡ್ತಾರೆ ಅಂದ್ಕಂಡೆ. ನಾನು ಈ ಜಾಗ ಬಿಟ್ಟು ಹೋಗಂಗಿರಲಿಲ್ಲ." ದೇವಿಕಾ ಕಲ್ಲುಹಾಸಿನ ಕಡೆ ನೋಡಿದಳು. "ಹೋಗ್ಬೇಕಿತ್ತು. ಯಾವ ದೇವರು ಏನು ಮಾಡ್ತಿತ್ತು ನಂಗೆ? ಹೋಗ್ಬೇಕಿತ್ತು."

"ಅವರಿಗಿನ್ನೂ ಜೀವ ಇತ್ತಾ?"

"ಇತ್ತು. ಅರ್ಧ ಗಂಟೆ ಇತ್ತು. ಮೋಟ್ರು ಸದ್ದಿಗೆ ಒಂದು ಮಾತೂ ಕೇಳಿಸ್ಲಿಲ್ಲ. ಕೈ ಎತ್ತಿ ಎತ್ತಿ ಏನೋ ಹೇಳ್ತಿದ್ರು. ಆಕಿ ಪಕ್ಕದಾಗೆ ಕುಂತ್ಕಂಡು ಬಾಯಿ ಹತ್ರ ಕಿವಿ ಕೊಟ್ಟಿದ್ಲು."

ಬಿದ್ದ ಕೂಡಲೆ ಹೋದ ಜೀವವಲ್ಲ ಎಂದು ಶವಪರೀಕ್ಷೆ ಮಾಡಿದ ಡಾಕ್ಟರೂ ಹೇಳಿದ್ದರು. ಈ ಹೆಣ್ಣು ಕಟ್ಟಿ ಹೇಳುತ್ತಿಲ್ಲ.

"ಅಳ್ತಿದ್ಲಾ ಆಕೆ?"

"ಇಲ್ಲ ಅಕ್ಕಾ. ಬರ್ಕಂತಿದ್ಲು."

"ಏನು?"

"ಚೀಲದಿಂದ ಪುಸ್ತಕ ತೆಗೆದು, ತೊಡೆ ಮ್ಯಾಲೆ ಇಟ್ಕಂಡು. ಅವರು ಹೇಳೋರು, ಆಕಿ ಬರ್ಕಳಾಳು. ನಿಲ್ಲಿಸೋರು, ಆಕಿನೂ ನಿಲ್ಲಿಸಾಳು. ಕೊನಿಗೆ ಅವರ ಬಲಗೈ ಎತ್ತಿ, ಹೆಬ್ಬೆಟ್ಟು ಹಿಡ್ಕಂಡು, ಹಾಳೆ ಮ್ಯಾಲೆ ಒತ್ತಿದ್ಲು."

"ಮಸಿ ಎಲ್ಲಿತ್ತು?"

ದೇವಿಕಾ ಅವಳನ್ನೇ ನೋಡಿದಳು. "ಮಸಿ ಯಾಕೆ ಬೇಕು ಅಕ್ಕಾ? ಅವರ ಕೈ ತುಂಬ ರಕ್ತ ಇತ್ತು."

ದೂರದಲ್ಲಿ ಕುರಿಯೊಂದು ಅರಚಿತು. ಕರಿಸಿದ್ದಪ್ಪ ತಲೆ ಮೇಲೆ ಕೈ ಹೊತ್ತುಕೊಂಡು ಮಣ್ಣು ನೋಡುತ್ತಿದ್ದ. ಈ ಮಾತು ಅವನಿಗೂ ಹೊಸದಾಗಿರಲಿಲ್ಲ.

"ಆಮೇಲೆ?"

"ಹಾಳೆ ಮಡಚಿ ಕುಪ್ಪಸದಾಗೆ ಇಟ್ಕಂಡ್ಲು. ಅವರ ಕಣ್ಣು ಮುಚ್ಚಿದ್ಲು. ಎದ್ದು ಹೋದ್ಲು. ಒಂದ್ಸಲ ಕೂಗಲಿಲ್ಲ, ಯಾರನ್ನೂ ಕರೀಲಿಲ್ಲ. ಮಾವ ಊಟ ತಂದಾಗ ನಾನೇ ಹೇಳ್ದೆ, ಹೋಗಿ ನೋಡು ಅಂತ. ಮೈ ತಣ್ಣಗಾಗಿತ್ತಂತೆ."

"ಆ ಹೆಣ್ಣನ್ನ ಮತ್ತೆ ನೋಡಿದ್ರೆ ಗುರುತು ಹಿಡೀತೀಯಾ?"

"ಇವತ್ತು ಬೆಳಿಗ್ಗೆನೇ ಹಿಡಿದೆ." ದೇವಿಕಾ ಗದ್ದ ಎತ್ತಿ ಕಮಾನಿನ ಕಡೆ ತೋರಿಸಿದಳು. "ನಿಮ್ಮ ಜೊತೆಗೇ ಬಂದಾಳಲ್ಲ, ಚಪ್ಪಲಿ ಕೈಯಾಗೆ ಹಿಡ್ಕಂಡು. ಅಗಾ, ಅಲ್ಲೇ ನಿಂತಾಳೆ."

ಜಯಶೀಲಾ ತಿರುಗಿದಳು.

ಸೇತುವೆಯ ಮೇಲೆ ಇರು ಎಂದು ಹೇಳಿ ಬಂದಿದ್ದ ಮೇಘಶ್ರೀ ಕಮಾನಿನೊಳಗೆ, ಅವಳಪ್ಪ ಬಿದ್ದ ಕಲ್ಲುಹಾಸಿನ ಪಕ್ಕದಲ್ಲಿ ನಿಂತಿದ್ದಳು. ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೇರವಾಗಿ ಇತ್ತಲೇ ನೋಡುತ್ತಿದ್ದಳು. ಪಂಪ್‌ಸೆಟ್ ಮನೆ, ಹಸಿರು ಸೀರೆ, ಪೊಲೀಸ್ ಸಮವಸ್ತ್ರದ ಪಕ್ಕದಲ್ಲಿ ಕೂತ ಹೆಣ್ಣು, ಆ ಹೆಣ್ಣು ತನ್ನ ಕಡೆಗೇ ತೋರಿಸುತ್ತಿರುವುದು, ಯಾವುದೂ ಅವಳಿಗೆ ಕಾಣದೆ ಇರಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಆಮೇಲೆ ಕೈ ಇಳಿಸಿ, ಅವಸರವೇನೂ ಇಲ್ಲದವಳಂತೆ ಪಕ್ಕಕ್ಕೆ ಸರಿದಳು. ಚೌಕಟ್ಟು ಖಾಲಿಯಾಯಿತು.

"ಒಳಗೆ ಹೋಗಿ ಬಾಗಿಲು ಹಾಕ್ಕೋ," ಎಂದಳು ಜಯಶೀಲಾ. "ಅಜ್ಜಾರೆ, ಇವಳನ್ನ ಬಿಟ್ಟು ಅಲ್ಲಾಡಬೇಡಿ. ಯಾರು ಬಂದ್ರೂ ತೆಗೀಬೇಡಿ."

ಮರಳಿನಲ್ಲಿ ಓಡುತ್ತಲೇ ಫೋನ್ ಕಿವಿಗಿಟ್ಟಳು. ಬೂಟು ಹೂತು ಹೂತು ಹೆಜ್ಜೆ ಏಳುತ್ತಿರಲಿಲ್ಲ. ಚಿಕ್ಕತಿಮ್ಮಪ್ಪ ಎತ್ತಿಕೊಳ್ಳುವ ಹೊತ್ತಿಗೆ ಅವಳು ಕಮಾನಿನ ನೆರಳು ಮುಟ್ಟಿದ್ದಳು.

"ತಿಮ್ಮಪ್ಪ, ಆ ಮೇಘಶ್ರೀನ ಹಿಡಿದಿಟ್ಕೊಳ್ಳಿ! ಎಲ್ಲಿಗೂ ಬಿಡಬೇಡಿ!"

"ಅಯ್ಯೋ ಮೇಡಂ, ಈಗಷ್ಟೇ ಹೋದ್ರಲ್ಲ! ನಾನು ಕೂಗ್ಕಂಡೆ, ನಿಲ್ಲಿಸ್ಲಿಲ್ಲ. ನೀವೇ ಕಳಿಸಿದ್ರೇನೋ ಅಂದ್ಕಂಡೆ. ಕನಕರಾಜ್ ಗಾಡೀಲಿ."

ಜಯಶೀಲಾ ಗಕ್ಕನೆ ನಿಂತಳು. ಒಂದು ಗಂಟೆಯ ಹಿಂದೆ ಅವನ ಮುಖಕ್ಕೆ ಉಗಿಯುವಂತೆ ನಿಂತಿದ್ದ ಹುಡುಗಿ ಈಗ ಅವನದೇ ಗಾಡಿಯಲ್ಲಿ.

"ಅವನು ಬಲವಂತವಾಗಿ ಹತ್ತಿಸ್ಕೊಂಡು ಹೋದ್ನಾ?"

"ಇಲ್ಲ ಮೇಡಂ. ಗಾಡಿ ಓಡಿಸ್ಕಂಡು ಹೋಗಿದ್ದು ಆಕೇನೇ. ಕನಕರಾಜ್ ಪಕ್ಕದ ಸೀಟಿನಾಗೆ ಕುಂತಿದ್ದ. ಅವನ ಮುಖ ಬೆವ್ತೋಗಿತ್ತು ಮೇಡಂ, ಕಿಟಕಿಯಿಂದ ನನ್ನ ಕಡೆ ಕಾಪಾಡ್ರಿ ಅನ್ನಂಗೆ ಕೈ ಮುಗೀತಿದ್ದ."